ಆರು ಕಿಲೋವ್ಯಾಟ್ ಒಲೆಗೆ ಎರಡೂವರೆ ವೈರು

"ಶಾರ್ಟ್ ಸರ್ಕ್ಯೂಟ್" ಅನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಎಲ್ಲೋ ಒಂದು ಅಡುಗೆಮನೆ ಸುಟ್ಟಿತು ಅಂತ ಪೇಪರಿನಲ್ಲಿ ಬರುತ್ತದೆ. ಕಾರಣ ಶಾರ್ಟ್ ಸರ್ಕ್ಯೂಟ್. ಓದಿದವರು ಅಯ್ಯೋ ಪಾಪ ಅಂದು ಪುಟ ತಿರುವುತ್ತಾರೆ. ಸಿಡಿಲು ಬಡಿದ ಹಾಗೆ, ಗಾಳಿ ಬೀಸಿದ ಹಾಗೆ, ಅದೂ ತಾನಾಗಿ ಆಗುವ ಸಂಗತಿ ಅಂತ ಎಲ್ಲರೂ ನಂಬಿದ್ದಾರೆ. ಆಗುವುದಿಲ್ಲ. ಮೂವತ್ತನಾಲ್ಕು ವರ್ಷ ವೈರು ಎಳೆದವನು ಹೇಳುತ್ತಿದ್ದೇನೆ, ತಾನಾಗಿ ಆಗುವುದಿಲ್ಲ. ಯಾರೋ ಒಬ್ಬ ಸಣ್ಣ ವೈರು ಹಾಕಿರುತ್ತಾನೆ. ಇನ್ನೊಬ್ಬ ನೋಡಿಯೂ ಸುಮ್ಮನಿರುತ್ತಾನೆ. ಆಮೇಲೆ ಇಬ್ಬರೂ ಸೇರಿ ಆ ಎರಡು ಇಂಗ್ಲಿಷ್ ಪದಗಳ ಹಿಂದೆ ಅಡಗಿಕೊಳ್ಳುತ್ತಾರೆ.

ಕಲ್ಯಾಣದುರ್ಗದಲ್ಲಿ ಆ ಒಬ್ಬ ನಾನೇ ಆಗಿದ್ದೆ. ಅದನ್ನು ಬರೆಯುವುದಕ್ಕೇ ಈ ಪುಸ್ತಕ ಹಿಡಿದು ಕೂತಿದ್ದೇನೆ. ಈಗ ಐ.ಟಿ.ಐ. ಮುಗಿಸಿ ಲೈಸೆನ್ಸ್ ಹಿಡಿದು ಬರುವ ಹುಡುಗರು, ಹುಡುಗಿಯರು ಓದಲಿ.

ಸರ್ಕಾರಿ ಕಟ್ಟಡಗಳ ಕರೆಂಟು ಕೆಲಸ ನೋಡಿಕೊಳ್ಳುವ ವಿಭಾಗದಲ್ಲಿ ನಾನು ವೈರ್‌ಮನ್ ಆಗಿ ಸೇರಿದೆ. ಶಾಲೆ, ಆಸ್ಪತ್ರೆ, ಹಾಸ್ಟೆಲು, ಕಚೇರಿ, ಎಲ್ಲ ನಮ್ಮವೇ. ನನ್ನ ಊರು ಆಂಧ್ರದ ಗಡಿಯ ಹಿಂದೂಪುರದ ಪಕ್ಕದ ಹಳ್ಳಿ. ಕೆಲಸದ ಬಹುಪಾಲು ಹಿಂದೂಪುರದಲ್ಲೇ ಕಳೆಯಿತು. ನಡುವೆ ನಾಲ್ಕು ವರ್ಷ ಕಲ್ಯಾಣದುರ್ಗ. ಯಾವಾಗ ಯಾವ ಗ್ರೇಡು ಸಿಕ್ಕಿತು ಅನ್ನುವುದು ನಿಮಗೆ ಬೇಡ, ನನಗೂ ಸರಿಯಾಗಿ ನೆನಪಿಲ್ಲ.

ನನಗೆ ಕೆಲಸ ಕಲಿಸಿದವರು ಹಿಂದೂಪುರದ ಖಾದರ್ ಸಾಬ್ ಅನ್ನುವ ಮೇಸ್ತ್ರಿ. ಅವರು ವೈರನ್ನು ಮೂರು ಇಪ್ಪತ್ತು, ಏಳು ಇಪ್ಪತ್ತು ಅಂತ ಹಳೇ ಲೆಕ್ಕದಲ್ಲಿ ಕರೆಯುತ್ತಿದ್ದರು. ಮೂರು ಇಪ್ಪತ್ತು ಅಂದರೆ ಇಪ್ಪತ್ತನೇ ನಂಬರಿನ ಮೂರು ಎಳೆ, ಏಳು ಇಪ್ಪತ್ತು ಅಂದರೆ ಅದೇ ನಂಬರಿನ ಏಳು ಎಳೆ. ನಾವು ಚದರ ಮಿಲಿಮೀಟರಿನ ಲೆಕ್ಕಕ್ಕೆ ಬಂದೆವು. ಒಂದೂವರೆ, ಎರಡೂವರೆ, ನಾಲ್ಕು, ಆರು. ಲೆಕ್ಕ ಬದಲಾದರೂ ಅವರು ಹೇಳಿದ್ದು ಬದಲಾಗಲಿಲ್ಲ. "ಒಲೆಗೆ ಲೈನ್ ಎಳೀಬೇಕಾ? ಮೊದ್ಲು ಅಂಗಡಿಗೆ ಹೋಗ್ಬ್ಯಾಡ. ಒಲೆ ತಾವ ಹೋಗು. ಅದನ್ನ ತಿರುಗ್ಸಿ ಬೆನ್ನು ನೋಡು" ಅನ್ನುತ್ತಿದ್ದರು. ಒಲೆಯ ಬೆನ್ನಿಗೆ ಒಂದು ತಗಡಿನ ಪಟ್ಟಿ ಹೊಡೆದಿರುತ್ತಾರೆ. ಅದರಲ್ಲಿ ಎಷ್ಟು ವ್ಯಾಟ್ ಅಂತ ಬರೆದಿರುತ್ತದೆ. ಆ ವ್ಯಾಟನ್ನು ನಿಮ್ಮ ಕರೆಂಟಿನ ವೋಲ್ಟೇಜಿನಿಂದ ಭಾಗಿಸಿದರೆ ಆಂಪಿಯರ್ ಬರುತ್ತದೆ. ಆ ಆಂಪಿಯರನ್ನು ಗಂಟೆಗಟ್ಟಲೆ ಹೊತ್ತರೂ ಬಿಸಿಯಾಗದ ವೈರು ಬೇಕು. ವೈರು ಗೋಡೆಯೊಳಗಿನ ಪೈಪಿನಲ್ಲಿ ಹೋಗುತ್ತದಾ, ಹೊರಗೆ ಗಾಳಿಯಲ್ಲಿ ಹೋಗುತ್ತದಾ, ಎಷ್ಟು ದೂರ ಹೋಗುತ್ತದೆ, ಇವನ್ನೂ ನೋಡಬೇಕು. ಪೈಪಿನೊಳಗೆ ಶಾಖ ಹೊರಗೆ ಹೋಗಲು ದಾರಿಯಿಲ್ಲ. ಆದ್ದರಿಂದ ಒಂದು ಸೈಜು ದಪ್ಪವೇ ಹಾಕಬೇಕು. ಮೇನ್ ಬೋರ್ಡಿನಿಂದ ಒಲೆಗೆ ಅದರದೇ ಸ್ವಂತ ಲೈನು. ಆ ಲೈನಿನಲ್ಲಿ ಒಂದು ಲೈಟೂ ಇರಕೂಡದು. ಕಡೆಗೆ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್. ಇಷ್ಟೇ. ಏಳನೇ ಕ್ಲಾಸಿನ ಭಾಗಾಕಾರ ಬಂದರೆ ಸಾಕು. ಇದಕ್ಕೆ ಇಂಜಿನಿಯರಿಂಗ್ ಬೇಕಿಲ್ಲ. ಇಂಜಿನಿಯರಿಂಗ್ ಓದಿದವರೇ ಇದನ್ನು ಮಾಡದೆ ಹೋದದ್ದನ್ನು ನಾನು ನೋಡಿದ್ದೇನೆ.

ಮೊದಲು ವೈರಿನ ಅಂಗಡಿಯವನ ಕಥೆ ಹೇಳಿಬಿಡುತ್ತೇನೆ, ಅದು ಚಿಕ್ಕದು. ಹಿಂದೂಪುರದ ನಮ್ಮ ಬೀದಿಯಲ್ಲಿ ಸರೋಜಮ್ಮ ಅಂತ ಒಬ್ಬರು ಮನೆಯಲ್ಲೇ ಬನ್ನು, ಬಿಸ್ಕತ್ತು ಸುಟ್ಟು ಅಂಗಡಿಗಳಿಗೆ ಕೊಡುತ್ತಿದ್ದರು. ಒಂದು ಕರೆಂಟ್ ಓವನ್ ತಂದರು. ರಜೆಯ ದಿನ ಬಂದು ಲೈನ್ ಎಳೆದುಕೊಡು ಅಂದರು. ಓವನ್ನಿನ ಬೆನ್ನು ನೋಡಿ, ನಾಲ್ಕರ ತಾಮ್ರದ ವೈರು ತನ್ನಿ ಅಂದೆ. ತಂದರು. ಸುರುಳಿಯ ಮೇಲೆ ನಾಲ್ಕು ಅಂತ ದಪ್ಪಕ್ಷರದಲ್ಲಿತ್ತು, ಕೈಗೂ ದಪ್ಪವಾಗಿಯೇ ಹತ್ತಿತು. ತುದಿ ಸುಲಿದು ನೋಡಿದರೆ ಒಳಗೆ ತಾಮ್ರದ ಎಳೆಗಳು ಸೊರಗಿಹೋಗಿದ್ದವು. ದಪ್ಪವೆಲ್ಲ ಪ್ಲಾಸ್ಟಿಕ್ಕಿನದು.

ಸುರುಳಿ ಎತ್ತಿಕೊಂಡು ಅಂಗಡಿಗೆ ಹೋದೆ. ಜೊತೆಗೆ ನನ್ನ ಹತ್ತಿರವಿದ್ದ ಅಸಲಿ ನಾಲ್ಕರ ತುಂಡೂ ಇತ್ತು. ಎರಡನ್ನೂ ಸುಲಿದು ಗಲ್ಲಾದ ಮೇಲಿಟ್ಟೆ.

"ಏನ್ ನರಸಿಂಹಪ್ಪ, ಮೇಲೆ ನಾಕು ಅಂತ ಬರ್ದೈತಲ್ಲಪ್ಪ! ನಾನೇನ್ ಮನ್ಯಾಗೆ ತಯಾರ್ ಮಾಡ್ತೀನಾ?" ಅಂದ ಅಂಗಡಿಯವನು.

"ಮೇಲೆ ಬರೆದಿರೋದ್ರಾಗೆ ಕರೆಂಟು ಹೋಗಲ್ಲ ಕಣಣ್ಣ. ಒಳಗಿರೋ ತಾಮ್ರದಾಗೆ ಹೋಯ್ತದೆ."

"ಎಲ್ರೂ ಇದ್ನೇ ತಗಂಡು ಹೋಯ್ತಾರೆ. ಒಬ್ರೂ ಕೇಳಿಲ್ಲ. ನಿಂದೊಂದು ದೊಡ್ಡ ರಗಳೆ."

ಒಬ್ಬರೂ ಕೇಳಿಲ್ಲ ಅಂದನಲ್ಲ, ಅವತ್ತು ಮನೆಗೆ ಬರುವವರೆಗೂ ಅದೇ ಮಾತು ನನ್ನ ತಲೆಯಲ್ಲಿ ಕುದಿಯುತ್ತಿತ್ತು. ಊರಲ್ಲಿ ಎಷ್ಟು ಗೋಡೆಗಳೊಳಗೆ ಆ ವೈರು ಮಲಗಿದೆಯೋ! ಅವನು ಸುರುಳಿ ಬದಲಾಯಿಸಿ ಕೊಟ್ಟ, ನಿಜ. ಆದರೆ ನಾನು ಮೆಟ್ಟಿಲು ಇಳಿಯುವ ಮೊದಲೇ ಆ ಸುಳ್ಳು ಸುರುಳಿಯನ್ನು ಮತ್ತೆ ಗೂಟಕ್ಕೆ ನೇತುಹಾಕಿದ. ನೀವು ವೈರು ಕೊಳ್ಳುವಾಗ ದಯವಿಟ್ಟು ತುದಿ ಸುಲಿದು ನೋಡಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಅಷ್ಟೆಲ್ಲ ಮಾತಾಡುವ ನಾನೇ ಕಲ್ಯಾಣದುರ್ಗದಲ್ಲಿ ಏನು ಮಾಡಿದೆ ಅನ್ನುವುದಕ್ಕೆ ಈಗ ಬರುತ್ತೇನೆ.

ನನಗೆ ಅಲ್ಲಿಗೆ ವರ್ಗವಾದದ್ದು ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾದ ಮೇಲೆ. ಊರಿನ ಅಂಚಿಗೆ ಹೆಣ್ಣುಮಕ್ಕಳದ್ದೊಂದು ಹಾಸ್ಟೆಲ್ ಇತ್ತು. ಸುತ್ತಲಿನ ಹಳ್ಳಿಗಳ ನೂರರ ಹತ್ತಿರ ಹುಡುಗಿಯರು ಅಲ್ಲಿದ್ದು ಓದುತ್ತಿದ್ದರು. ಅಡುಗೆಗೆ ಇಬ್ಬರು. ಮುಖ್ಯದವಳು ಹನುಮಕ್ಕ, ಬ್ರಹ್ಮಸಮುದ್ರದ ಕಡೆಯವಳು. ನಲವತ್ತು ದಾಟಿದ, ಎತ್ತರದ, ಗಟ್ಟಿ ದನಿಯ ಹೆಂಗಸು. ಗಂಡ ತೀರಿಕೊಂಡಿದ್ದ, ಮಗಳನ್ನು ಅದೇ ಹಾಸ್ಟೆಲಿನಲ್ಲಿ ಇಟ್ಟು ಓದಿಸುತ್ತಿದ್ದಳು. ಅವಳ ಕೈಕೆಳಗೆ ರತ್ನಮ್ಮ. ಇಬ್ಬರೂ ಸೌದೆ ಒಲೆಯ ಮುಂದೆ ಕೂತು ಕೂತು ಕಣ್ಣು ಕೆಂಪು ಮಾಡಿಕೊಂಡಿದ್ದರು. ಫ್ಯಾನ್ ರಿಪೇರಿಗೆ ಅಂತ ಹೋದಾಗಲೆಲ್ಲ ಹನುಮಕ್ಕ, "ಅಣ್ಣ, ಈ ಹೊಗೆ ಆಚೆಗೆ ಎಳೆಯೋ ಫ್ಯಾನು ಒಂದು ಹಾಕ್ಕೊಡಪ್ಪ, ಕಣ್ಣೇ ಹೋಯ್ತವೆ" ಅನ್ನುತ್ತಿದ್ದಳು. ಬರೆದು ಕಳಿಸುತ್ತಿದ್ದೆ. ಬರುತ್ತಿರಲಿಲ್ಲ.

ಹೀಗಿರುವಾಗ ಯಾರೋ ದಾನಿಗಳು ಹಾಸ್ಟೆಲಿಗೆ ಒಂದು ಕರೆಂಟ್ ಒಲೆ ಕೊಟ್ಟರು. ದೊಡ್ಡ ಕಬ್ಬಿಣದ ಮೇಜಿನಂಥದ್ದು, ಅದರ ಮೇಲೆ ಮೂರು ಬಿಸಿ ತಟ್ಟೆಗಳು. ನಾನು ಹೋಗಿ ಬೆನ್ನು ತಿರುಗಿಸಿ ನೋಡಿದೆ. ಒಂದೊಂದು ತಟ್ಟೆಗೆ ಎರಡು ಕಿಲೋವ್ಯಾಟ್, ಒಟ್ಟು ಆರು. ಇನ್ನೂರ ಮೂವತ್ತು ವೋಲ್ಟಿನಿಂದ ಭಾಗಿಸಿದರೆ ಇಪ್ಪತ್ತಾರು ಆಂಪಿಯರ್. ಅಡುಗೆಮನೆಯಲ್ಲಿದ್ದ ಪವರ್ ಪ್ಲಗ್ಗಿಗೆ ಬಂದಿದ್ದದ್ದು ಕಟ್ಟಡ ಕಟ್ಟಿದಾಗ ಹಾಕಿದ ಎರಡೂವರೆಯ ಅಲ್ಯೂಮಿನಿಯಂ ವೈರು. ಹದಿನೈದು ಆಂಪಿಯರ್ ಹೊತ್ತರೆ ಅದಕ್ಕೆ ಸಾಕುಸಾಕಾಗುತ್ತದೆ. ಇದಕ್ಕೆ ಬೋರ್ಡಿನಿಂದ ನೇರವಾಗಿ ಆರರ ತಾಮ್ರದ ವೈರು, ಸ್ವಂತ ಸ್ವಿಚ್ಚು, ಹೊಸ ಅರ್ಥಿಂಗ್ ಬೇಕು ಅಂತ ಒಂದು ಹಾಳೆಯಲ್ಲಿ ಬರೆದು ನಮ್ಮ ಎ.ಇ.ಗೆ ಕೊಟ್ಟೆ.

ಎ.ಇ. ಅಂದರೆ ಅಸಿಸ್ಟೆಂಟ್ ಇಂಜಿನಿಯರ್. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಕರಾವಳಿ ಜಿಲ್ಲೆಯಿಂದ ಬಂದವರು, ತೆಲುಗು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಕೆಟ್ಟವರಲ್ಲ. ಲಂಚಕೋರರೂ ಅಲ್ಲ. ಆದರೆ ಮೇಲಿನವರ ಫೋನು ಬಂದರೆ ಕೂತ ಕುರ್ಚಿಯಿಂದ ಎದ್ದು ನಿಂತು ಮಾತಾಡುವ ಜಾತಿ. ನನ್ನ ಹಾಳೆಯನ್ನು ಓದಿದರು, ಮಡಿಸಿದರು.

"ಎಲ್ಲುಂಡಿ ಸ್ಟವ್ ವೆಲಗಾಲಿ, ನರಸಿಂಹಪ್ಪಾ. ಅಂತೇ" ಅಂದರು. ನಾಳಿದ್ದು ಒಲೆ ಹೊತ್ತಬೇಕು, ಅಷ್ಟೇ. ದೊಡ್ಡವರೊಬ್ಬರು ಉದ್ಘಾಟನೆಗೆ ಬರುವವರಿದ್ದರು.

ಆ ವೈರು ತಡೆಯುವುದಿಲ್ಲ ಅಂದೆ. ಅವತ್ತು ಹತ್ತು ನಿಮಿಷ ಉರಿದರೆ ಸಾಕು, ವೈರು ಆಮೇಲೆ ಮಂಜೂರು ಮಾಡಿಸೋಣ ಅಂದರು. ಆಗ ನಾನು ಏನು ಮಾಡಬೇಕಿತ್ತು? ಆಗುವುದಿಲ್ಲ ಸಾರ್ ಅಂತ ಪ್ಲೈಯರ್ ಕೆಳಗಿಟ್ಟು ಬರಬೇಕಿತ್ತು. ಬರಲಿಲ್ಲ. ಬರೆದು ಕೊಟ್ಟಿದ್ದೇನಲ್ಲ, ನನ್ನ ಜವಾಬ್ದಾರಿ ಮುಗಿಯಿತು ಅಂತ ನನಗೆ ನಾನೇ ಹೇಳಿಕೊಂಡು ಒಲೆಯ ವೈರನ್ನು ಆ ಪ್ಲಗ್ಗಿಗೆ ಸೇರಿಸಿದೆ. ನೌಕರಿಯಲ್ಲಿ ನಾವು ಕಲಿಯುವ ಅತ್ಯಂತ ಹೇಯ ವಿದ್ಯೆ ಇದು. ಒಂದು ಕಾಗದ ಬರೆದು ಫೈಲಿಗೆ ಹಾಕಿ, ಆಮೇಲೆ ಆ ಕಾಗದಕ್ಕೆ ವಿರುದ್ಧವಾಗಿಯೇ ಕೈಯಾರೆ ಕೆಲಸ ಮಾಡುವುದು.

ಉದ್ಘಾಟನೆ ಆಯಿತು. ದೊಡ್ಡವರು ಒಂದು ತಟ್ಟೆ ಹಚ್ಚಿ, ಹಾಲು ಉಕ್ಕಿಸಿ, ಫೋಟೋ ತೆಗೆಸಿಕೊಂಡು ಹೋದರು. ಒಂದು ತಟ್ಟೆಗೆ ಆ ವೈರು ಸಾಕು. ಏನೂ ಆಗಲಿಲ್ಲ. ಹನುಮಕ್ಕ ಮಾತ್ರ ಹೊಸ ಸೀರೆ ಉಟ್ಟುಕೊಂಡು ಒಲೆಯ ಸುತ್ತ ಸುತ್ತಿ ಸುತ್ತಿ ನೋಡುತ್ತಿದ್ದಳು. "ಹೊಗೇನೇ ಇಲ್ವಲ್ಲಪ್ಪ!" ಅಂದಳು ನನಗೆ. ಆ ಸಂತೋಷ ನೋಡಿ ನಾನೂ ಹಲ್ಲು ಕಿರಿದೆ.

ಮಾರನೆಯ ದಿನದಿಂದ ನೂರು ಮಕ್ಕಳ ಅಡುಗೆ. ಒಂದು ತಟ್ಟೆಯಲ್ಲಿ ಅನ್ನ, ಒಂದರಲ್ಲಿ ಸಾರು, ಒಂದರಲ್ಲಿ ಕುಡಿಯುವ ನೀರು. ಮೂರೂ ಒಟ್ಟಿಗೆ. ಅದೇ ವಾರ ಮೂರು ಸಲ ಫ್ಯೂಸ್ ಹೋಯಿತು. ಮೊದಲ ಸಲ, ಎರಡನೇ ಸಲ ನಾನು ಹದಿನೈದು ಆಂಪಿಯರಿನ ಫ್ಯೂಸ್ ತಂತಿಯನ್ನೇ ಹಾಕಿದೆ. ಮೂರನೇ ಸಲ ವಾರ್ಡನ್ ಮೇಡಂ ಎ.ಇ.ಗೆ ಫೋನು ಮಾಡಿ, ಮಕ್ಕಳಿಗೆ ಹೊತ್ತಿಗೆ ಊಟವಿಲ್ಲ ಅಂತ ರೇಗಿದರು. ಎ.ಇ. ನನ್ನ ಮೇಲೆ ರೇಗಿದರು. ದಪ್ಪ ತಂತಿ ಹಾಕಿ ಮುಗಿಸಯ್ಯಾ ಅಂದರು.

ಫ್ಯೂಸ್ ಇರುವುದೇ ಹೋಗುವುದಕ್ಕೆ. ತಾನು ಕರಗಿ, ಗೋಡೆಯೊಳಗಿನ ವೈರನ್ನು ಉಳಿಸುವುದೇ ಅದರ ಕೆಲಸ. ಅದಕ್ಕೆ ದಪ್ಪ ತಂತಿ ಕಟ್ಟುವುದೆಂದರೆ ಬೊಗಳುವ ನಾಯಿಯ ಬಾಯಿ ಕಟ್ಟಿದಂತೆ. ಗೊತ್ತಿತ್ತು. ಆದರೂ ವೈರಿನ ತುಂಡಿನಿಂದ ತಾಮ್ರದ ಎಳೆಗಳನ್ನು ಬಿಡಿಸಿ, ಹೊಸೆದು, ಕಟ್ಟಿದೆ. ಪಕ್ಕದಲ್ಲೇ ಹನುಮಕ್ಕ ಸೌಟು ಹಿಡಿದು ನಿಂತಿದ್ದಳು.

"ಯಾಕಣ್ಣ ಇದು ಪದೇಪದೇ ಹೋಯ್ತದೆ? ಒಲೇಲಿ ಏನಾರ ಐಬು ಐತಾ?"

"ಏನಿಲ್ಲ ಕಣಮ್ಮ. ಸಣ್ಣ ತಂತಿ ಇತ್ತು, ದಪ್ಪಂದು ಹಾಕಿವ್ನಿ. ಇನ್ನು ಹೋಗಲ್ಲ."

"ನಿನ್ ಹೊಟ್ಟೆ ತಣ್ಣಗಿರ್ಲಪ್ಪ" ಅಂದಳು. ಒಂದು ಲೋಟ ಮಜ್ಜಿಗೆಯನ್ನೂ ಕೊಟ್ಟಳು. ಕುಡಿದೆ.

ಮಂಜೂರಾತಿ ಬರಲೇ ಇಲ್ಲ. ನಾನು ಇನ್ನೊಂದು ಸಲ ನೆನಪಿಸಿದೆ, ಆಮೇಲೆ ಬೇರೆ ಕೆಲಸ ಹತ್ತಿತು. ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಏಳು ಗಂಟೆಗೆ ಹಾಸ್ಟೆಲಿನ ವಾಚ್‌ಮನ್ ಸೈಕಲ್ ತುಳಿದುಕೊಂಡು ನನ್ನ ಬಾಡಿಗೆ ಮನೆಯ ಮುಂದೆ ಬಂದು ನಿಂತ. "ಒಲೆ... ಗೋಡೆ... ಹತ್ಕಂಡ್‌ಬುಟ್ಟೈತೆ ಸಾರ್" ಅಂದ.

ನಾನು ಹೋಗುವ ಹೊತ್ತಿಗೆ ಬೆಂಕಿ ಆರಿತ್ತು. ಅಡುಗೆಮನೆಯ ಒಂದು ಗೋಡೆ ಮೇಲಿಂದ ಕೆಳಗೆ ಕರ್ರಗೆ ಬಿರಿದಿತ್ತು. ಪೈಪಿನೊಳಗೆ ವೈರಿನ ಪ್ಲಾಸ್ಟಿಕ್ ಕರಗಿ, ಎರಡು ವೈರು ಒಂದಕ್ಕೊಂದು ಅಂಟಿ, ಕಿಡಿ ಹಾರಿ, ಗೋಡೆಗೆ ಒರಗಿಸಿದ್ದ ಗೋಣಿಚೀಲಗಳಿಗೆ ಹತ್ತಿತ್ತು. ಅಡುಗೆಮನೆಯಲ್ಲಿ ತಿಂಡಿಗೆ ಸಾಲು ನಿಂತಿದ್ದ ಮಕ್ಕಳನ್ನು ಹನುಮಕ್ಕ ಕೂಗಿ, ನೂಕಿ, ಆಚೆ ಕಳಿಸಿದ್ದಳು. ಆಮೇಲೆ ಹೊಗೆಯೊಳಗೆ ವಾಪಸು ಹೋಗಿ ಮೇನ್ ಸ್ವಿಚ್ಚಿನ ಹಿಡಿಯನ್ನು ಎಳೆದಿದ್ದಳು. ಹಿಡಿಯ ಮೇಲಿನ ಹೊದಿಕೆ ಕರಗಿ ಕೆಂಡವಾಗಿತ್ತು. ಅವಳ ಬಲ ಅಂಗೈಯ ಚರ್ಮ ಅದಕ್ಕೇ ಅಂಟಿಕೊಂಡಿತ್ತು. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ನಾನು ನೋಡಿದ್ದು ಆ ಹಿಡಿಯನ್ನು ಮಾತ್ರ.

ಮಕ್ಕಳಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ. ಆ ಹೆಂಗಸಿನ ದೆಸೆಯಿಂದ.

ಮೂರು ದಿನಗಳಲ್ಲಿ ರಿಪೋರ್ಟು ತಯಾರಾಯಿತು. ಎ.ಇ. ನನ್ನನ್ನು ಕರೆದು ಕೊನೆಯ ಪುಟ ಮುಂದಿಟ್ಟು ಸಾಕ್ಷಿ ಸಹಿ ಹಾಕು ಅಂದರು. ಕೊನೆಯ ಪುಟಕ್ಕೆ ಸಹಿ ಹಾಕಿಸಿಕೊಳ್ಳುವವರನ್ನು ಎಂದೂ ನಂಬಬೇಡಿ. ನಾನು ಮೊದಲ ಪುಟ ಕೇಳಿದೆ. ಅದರಲ್ಲಿದ್ದದ್ದು ಇಷ್ಟು: ಅಡುಗೆಯವಳು ಒಲೆಯ ಮೇಲೆ ನೀರು ಚೆಲ್ಲಿದ್ದರಿಂದ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹತ್ತಿದೆ, ಆಕೆಯ ನಿರ್ಲಕ್ಷ್ಯವೇ ಕಾರಣ, ವೈರಿಂಗ್ ಸುಸ್ಥಿತಿಯಲ್ಲಿತ್ತು.

ಹನುಮಕ್ಕ ಆಗ ಆಸ್ಪತ್ರೆಯಲ್ಲಿ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದಳು. ಕೆಲಸದಿಂದ ತೆಗೆದ ಕಾಗದ ಆಗಲೇ ಅವಳ ಮಂಚಕ್ಕೆ ಹೋಗಿತ್ತು. ಮಗಳು ಹಾಸ್ಟೆಲಿನಲ್ಲಿ ಇರಬಹುದೋ ಇಲ್ಲವೋ ಅನ್ನುವ ಮಾತೂ ನಡೆದಿತ್ತು.

"ಸಾರ್, ನೀರು ಚೆಲ್ಲಿದ್ದಕ್ಕೆ ಗೋಡೆ ಒಳಗಿನ ವೈರು ಕರಗಲ್ಲ. ನಾನು ಬರೆದುಕೊಟ್ಟ ಹಾಳೆ ಎಲ್ಲಿ?" ಅಂದೆ.

ಅವರು ಎದ್ದು ಬಾಗಿಲು ಮುಚ್ಚಿದರು. ಆಮೇಲೆ ದನಿ ತಗ್ಗಿಸಿ ತೆಲುಗಿನಲ್ಲಿ ಹೇಳಿದರು. ಹಾಳೆ ಇರಲಿ, ಕನೆಕ್ಷನ್ ಕೊಟ್ಟ ಕೈ ಯಾರದು? ಫ್ಯೂಸಿಗೆ ತಾಮ್ರ ಕಟ್ಟಿದ ಕೈ ಯಾರದು? ಬಾಯಿ ತೆಗೆದರೆ ಮೊದಲು ಹೋಗುವವನು ನೀನು. ಅವಳು ದಿನಗೂಲಿಯವಳು, ಇನ್ನೊಂದು ಕಡೆ ಅಡುಗೆಗೆ ಸೇರಿಕೊಳ್ಳುತ್ತಾಳೆ. ನೀನು ಪರ್ಮನೆಂಟು. ಯೋಚನೆ ಮಾಡು.

ಅವರು ಹೇಳಿದ್ದರಲ್ಲಿ ಕೈಯ ಮಾತು ನಿಜ. ಅದೇ ನನ್ನನ್ನು ಎರಡು ದಿನ ತಡೆಯಿತು. ಎರಡು ದಿನ ಅಂತ ಈಗ ಸುಲಭವಾಗಿ ಬರೆಯುತ್ತಿದ್ದೇನೆ. ಆ ಎರಡು ದಿನ ಆಸ್ಪತ್ರೆಯ ಬೀದಿ ತಪ್ಪಿಸಿ, ಸುತ್ತು ಹಾಕಿಕೊಂಡು ಆಫೀಸಿಗೆ ಹೋದೆ. ಹೆಂಡತಿ ಗಂಗಮ್ಮ ಬಿಡದೆ ಕೇಳಿದಾಗ ಎಲ್ಲ ಹೇಳಿದೆ. ಅವಳು ಕಾಳು ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ಮಾಡ್ದೋನು ನೀನು, ಸುಟ್ಕಂಡೋಳು ಅವ್ಳು, ಕೆಲಸ ಹೋಗಾದೂ ಅವ್ಳಿಗೇನಾ?" ಅಂದಳು. ಅಷ್ಟೇ ಅಂದದ್ದು. ಮತ್ತೆ ಮೊರ ಎತ್ತಿಕೊಂಡಳು.

ಮಾರನೆಯ ದಿನ ನಾನು ಸಹಿ ಹಾಕುವುದಿಲ್ಲ ಅಂತ ಎ.ಇ.ಗೆ ಹೇಳಿ, ಅವರ ಮೇಲಿನವರಿಗೇ ನೇರವಾಗಿ ಒಂದು ಅರ್ಜಿ ಬರೆದೆ. ಒಲೆಯ ವ್ಯಾಟು, ವೈರಿನ ಸೈಜು, ಯಾರು ಹೇಳಿದರು, ಯಾರು ಮಾಡಿದರು, ಫ್ಯೂಸಿಗೆ ನಾನು ಏನು ಕಟ್ಟಿದೆ, ಎಲ್ಲ. ನನ್ನ ಹೆಸರನ್ನು ಎಲ್ಲೂ ತಪ್ಪಿಸಲಿಲ್ಲ. ಆಫೀಸಿನಲ್ಲಿ ಜೊತೆಗಾರರು ನನ್ನ ಜೊತೆ ಟೀ ಕುಡಿಯಲು ಬರುವುದನ್ನು ನಿಲ್ಲಿಸಿದರು. ಒಬ್ಬರಂತೂ, "ಅಡುಗೆಯವಳ ಸಲುವಾಗಿ ಯಾರಾದ್ರೂ ಹಿಂಗೆ ಮಾಡ್ಕಂತಾರೇನಯ್ಯಾ?" ಅಂದರು. ಅಡುಗೆಯವಳ ಸಲುವಾಗಿ! ಇಂಜಿನಿಯರರ ಸಲುವಾಗಿ ಆದರೆ ಮಾಡಬಹುದಿತ್ತೋ ಏನೋ.

ವಿಚಾರಣೆಗೆ ಮೇಲಿನಿಂದ ಒಬ್ಬರು ಹಿರಿಯ ಇಂಜಿನಿಯರ್ ಬಂದರು. ನಿವೃತ್ತಿಗೆ ಹತ್ತಿರವಾದವರು, ಮಾತು ಕಡಿಮೆ. ಹಾಸ್ಟೆಲಿನ ಅಂಗಳದಲ್ಲಿ ಮೇಜು ಹಾಕಿ ಕೂತರು. ಎ.ಇ. ತಮ್ಮ ರಿಪೋರ್ಟು ಓದಿದರು. ಒಲೆಯ ಮೇಲೆ ನೀರು, ಶಾರ್ಟ್ ಸರ್ಕ್ಯೂಟ್, ನಿರ್ಲಕ್ಷ್ಯ. ಹನುಮಕ್ಕ ಮೂಲೆಯಲ್ಲಿ ಬ್ಯಾಂಡೇಜಿನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ತೆಲುಗು ಅವಳಿಗೂ ಬರುತ್ತಿತ್ತು, ಪ್ರತಿ ಮಾತೂ ತಿಳಿಯುತ್ತಿತ್ತು.

ನನ್ನ ಸರದಿ ಬಂದಾಗ, "ಸಾರ್, ಮಾತಿಗೆ ಮಾತು ಬೇಡ. ಒಲೆ ಕೆಟ್ಟಿಲ್ಲ, ಚೆನ್ನಾಗಿದೆ. ಅದೇ ಹಳೇ ವೈರಿನ ಉಳಿದ ತುಂಡು ಸ್ಟೋರಿನಲ್ಲಿದೆ. ಇಲ್ಲೇ ಅಂಗಳದಲ್ಲಿ ಸೇರಿಸಿ ಉರಿಸಿ ತೋರಿಸುತ್ತೇನೆ" ಅಂದೆ. ಎ.ಇ. ಅಪಾಯ ಅಂದರು. ಮಕ್ಕಳ ಅಡುಗೆಮನೆಯಲ್ಲಿ ಇರಲಿಲ್ಲವೇ ಈ ಅಪಾಯ, ಅಂತ ಹಿರಿಯರು ಮೆಲ್ಲಗೆ ಕೇಳಿದರು.

ಮರಳು ಹಾಸಿದ ಜಾಗದಲ್ಲಿ ವೈರು ಮಲಗಿಸಿದೆ. ಎರಡು ವೈರನ್ನೂ ಒಂದು ಪೈಪಿನ ತುಂಡಿನೊಳಗೆ ತೂರಿಸಿದೆ. ಮೂರು ತಟ್ಟೆಯ ಮೇಲೂ ನೀರಿನ ಪಾತ್ರೆ ಇಟ್ಟು ಮೂರನ್ನೂ ಹಚ್ಚಿದೆ. ವೈರನ್ನು ಬಾಯಿಯಲ್ಲಿ ಕಚ್ಚಿ ಎಷ್ಟು ಕರೆಂಟು ಹರಿಯುತ್ತಿದೆ ಅಂತ ಹೇಳುವ ಟಂಗ್ ಟೆಸ್ಟರ್ ಅನ್ನು ಹಿರಿಯರ ಕೈಗೇ ಕೊಟ್ಟೆ. ಓದಿ ಅಂದೆ. ಇಪ್ಪತ್ತಾರು ಅಂದರು. ಕೂತೆವು. ಪಾತ್ರೆಯ ನೀರು ಇನ್ನೂ ಕುದಿಯಲು ಹತ್ತಿರಲಿಲ್ಲ, ಆಗಲೇ ಪ್ಲಾಸ್ಟಿಕ್ಕಿನ ವಾಸನೆ ಅಂಗಳವೆಲ್ಲ ಹಬ್ಬಿತು. ಇನ್ನಷ್ಟು ಹೊತ್ತಿಗೆ ಪೈಪಿನ ಬಾಯಿಂದ ಬೆಳ್ಳಗೆ ಹೊಗೆ ಬಂತು. ವೈರಿನ ಹೊದಿಕೆ ಬೆಲ್ಲದ ಪಾಕದಂತೆ ಜಗ್ಗತೊಡಗಿತು. ಒಲೆಯ ಮೇಲೆ ಒಂದು ಹನಿ ನೀರು ಬಿದ್ದಿರಲಿಲ್ಲ.

"ಆಫ್ ಚೆಯ್ಯಿ! ಆಫ್ ಚೆಯ್ಯಿ!" ಅಂತ ಮೊದಲು ಎದ್ದು ಕೂಗಿದವರು ನಮ್ಮ ಎ.ಇ.

ಹಿರಿಯರು ರಿಪೋರ್ಟನ್ನು ಅವರ ಕಡೆ ತಳ್ಳಿ, "ಇದನ್ನು ವಾಪಸು ತಗೊಳ್ಳಿ" ಅಂದರು. ನನ್ನ ಕಡೆ ತಿರುಗಿ, "ನೀನು ಇಷ್ಟು ತಿಳಿದವನು, ಫ್ಯೂಸಿಗೆ ತಾಮ್ರ ಕಟ್ಟಿದೆಯಲ್ಲಯ್ಯಾ" ಅಂದರು.

ಹನುಮಕ್ಕನಿಗೆ ಕೆಲಸ ವಾಪಸು ಸಿಕ್ಕಿತು. ಸಿಕ್ಕಿತು ಅಂತ ಒಂದು ಪದದಲ್ಲಿ ಬರೆದೆ, ಆ ಕಾಗದ ಐದು ತಿಂಗಳು ಮೇಜಿನಿಂದ ಮೇಜಿಗೆ ಅಲೆಯಿತು. ಅಷ್ಟೂ ದಿನ ಅವಳು ಕೂಲಿಗೆ ಹೋದಳು, ಅರ್ಧ ಮಡಿಸಲು ಬಾರದ ಕೈಯಲ್ಲಿ. ತೆಗೆಯುವ ಕಾಗದ ಮೂರು ದಿನದಲ್ಲಿ ಮಂಚಕ್ಕೇ ಬಂದಿತ್ತು ಅನ್ನುವುದನ್ನು ನೆನಪಿಡಿ. ಎ.ಇ.ಗೆ ಬೇರೆ ಊರಿಗೆ ವರ್ಗವಾಯಿತು, ಅವರು ಬಯಸಿದ ಕಡೆಗೇ ಅಂತ ಆಮೇಲೆ ಕೇಳಿದೆ. ನನಗೆ ಛೀಮಾರಿಯ ಪತ್ರ ಬಂತು. ಅದು ನ್ಯಾಯವೇ. ಅದನ್ನು ಹರಿಯದೆ ಇಟ್ಟುಕೊಂಡಿದ್ದೇನೆ. ಹಿಂದೂಪುರಕ್ಕೆ ವಾಪಸು ಹಾಕಿದರು.

ಈಗ ಕಾಲ ಬದಲಾಗಿದೆ ಅನ್ನುತ್ತೀರಿ. ಫ್ಯೂಸ್ ಹೋಗಿ, ಹೊರೆ ಹೆಚ್ಚಾದರೆ ತಾನೇ ಕೆಳಗೆ ಬೀಳುವ ಎಂ.ಸಿ.ಬಿ. ಸ್ವಿಚ್ಚು ಬಂತು, ಅಲ್ಯೂಮಿನಿಯಂ ಹೋಗಿ ತಾಮ್ರ ಬಂತು. ನಿಜ. ಆದರೆ ನಾನು ಕೆಲಸ ಬಿಡುವ ಹೊತ್ತಿಗೆ ಇಂಡಕ್ಷನ್ ಒಲೆ ಮನೆಮನೆಗೆ ನುಗ್ಗಿತ್ತು. ಅದರ ದಪ್ಪ ಮೂರು ಕಡ್ಡಿಯ ಪ್ಲಗ್ಗನ್ನು ಕತ್ತರಿಸಿ ಎಸೆದು, ಟಿ.ವಿ. ಹಾಕುವ ಸಣ್ಣ ಪ್ಲಗ್ಗು ಕಟ್ಟಿಕೊಟ್ಟ ಮಹಾನುಭಾವರನ್ನು ನಾನು ಗೋರಂಟ್ಲದಲ್ಲೂ ನೋಡಿದೆ, ಚಿಲಮತ್ತೂರಿನಲ್ಲೂ ನೋಡಿದೆ. ಪದೇಪದೇ ಬೀಳುತ್ತದೆ ಅಂತ ಹದಿನಾರರ ಎಂ.ಸಿ.ಬಿ. ಕಿತ್ತು ಮೂವತ್ತೆರಡರದ್ದು ಕೂರಿಸಿದವರನ್ನೂ ನೋಡಿದೆ, ವೈರು ಮಾತ್ರ ಹಳೆಯದೇ. ಸಾಮಾನು ಹೊಸದು, ಅಯೋಗ್ಯತನ ಅದೇ. ಅದನ್ನು ಮಾಡಿದವನಿಗೆ ನಾಲ್ಕು ಬೈಯೋಣ ಅಂತ ಬಾಯಿ ತೆರೆಯುತ್ತೇನೆ, ಆಗ ನನ್ನ ಕೈಯೇ ನೆನಪಾಗುತ್ತದೆ. ಆದರೂ ಬೈಯುತ್ತೇನೆ. ಬೈಯದೆ ಬಿಟ್ಟರೆ ಇನ್ನೂ ದೊಡ್ಡ ತಪ್ಪಾಗುತ್ತದೆ.

ಒಂದು ಮಾತು ಉಳಿದಿದೆ. ಹಿಂದೂಪುರಕ್ಕೆ ಹೊರಡುವ ಮೊದಲು ಆ ಅಡುಗೆಮನೆಗೆ ಹೊಸ ಲೈನು ನಾನೇ ಎಳೆಯುತ್ತೇನೆ ಅಂತ ಕೇಳಿಕೊಂಡೆ, ಒಪ್ಪಿದರು. ಆ ಹೊತ್ತಿಗೆ ಹನುಮಕ್ಕ ಕೆಲಸಕ್ಕೆ ಬಂದಿದ್ದಳು. ಆರರ ತಾಮ್ರದ ವೈರು, ಹೊಸ ಪೈಪು, ಒಲೆಗೆ ಸ್ವಂತ ಎಂ.ಸಿ.ಬಿ., ಅಂಗಳದಲ್ಲಿ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿ ಹೊಸ ಅರ್ಥಿಂಗ್. ಎರಡು ದಿನದ ಕೆಲಸ. ಅಷ್ಟೂ ಹೊತ್ತು ಅವಳು ಸೌದೆ ಒಲೆಯ ಮುಂದೆ ಕೂತು ನನ್ನನ್ನು ನೋಡುತ್ತಿದ್ದಳು. ಮಾತಾಡಲಿಲ್ಲ, ಮಜ್ಜಿಗೆ ಕೊಡಲಿಲ್ಲ. ನನ್ನಿಂದ ಕೆಲಸ ವಾಪಸು ಬಂತು, ಒಂದು ಒಳ್ಳೆಯ ಮಾತು ಆಡಬಹುದಿತ್ತು ಅಂತ ನನ್ನ ಮನಸ್ಸಿನಲ್ಲಿ ಬಂದದ್ದು ಸುಳ್ಳಲ್ಲ.

ಎಲ್ಲ ಮುಗಿಸಿ ಸಾಮಾನು ಚೀಲಕ್ಕೆ ತುಂಬುವಾಗ ಅವಳು ಎದ್ದು ಬಂದಳು.

"ಒಂದ್ ಮಾತು ಕೇಳ್ತೀನಿ ಅಣ್ಣ. ಈ ವೈರು ಸಾಲ್ದು ಅಂತ ನಿಂಗೆ ಮೊದ್ಲೇ ಗೊತ್ತಿತ್ತಲ್ವಾ?"

"ಗೊತ್ತಿತ್ತು ಕಣಮ್ಮ. ಎ.ಇ.ಗೆ ಬರೆದುಕೊಟ್ಟಿದ್ದೆ."

"ಎ.ಇ. ಅಡುಗೆ ಮಾಡ್ತಾನಾ? ಒಲೆ ಮುಂದೆ ನಿಂತಿದ್ದೋಳು ನಾನು. ನಂಗ್ಯಾಕೆ ಹೇಳ್ಲಿಲ್ಲ? ಹನುಮಕ್ಕ, ಮೂರೂ ಒಟ್ಟಿಗೆ ಹಚ್ಚಬ್ಯಾಡ, ಒಂದೇ ಹಚ್ಕಳವ್ವಾ ಅಂದಿದ್ರೆ ಒಂದೇ ಹಚ್ಕತಿದ್ದೆ. ಮಿಕ್ಕಿದ್ದು ಸೌದೇಲಿ ಮಾಡ್ತಿದ್ದೆ. ನಾನು ಬಾಯಿ ಬಿಟ್ಟು ಕೇಳಿದ್ನಲ್ಲಪ್ಪ, ಏನಿಲ್ಲ ಅಂದ್‌ಬುಟ್ಟೆ. ಅಡುಗೆ ಮಾಡೋಳಿಗೆ ಹೇಳಿದ್ರೆ ಏನ್ ತಿಳೀತದೆ ಅಂತಲಾ?"

ಎ.ಇ. ಮೇಲೆ, ಅಂಗಡಿಯವನ ಮೇಲೆ, ಲೋಕದ ಮೇಲೆಲ್ಲ ಇದ್ದ ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ನಾನು ಕಾಗದಕ್ಕೆ ಹೇಳಿದ್ದೆ, ಫೈಲಿಗೆ ಹೇಳಿದ್ದೆ. ಅವಳಿಗೆ ಹೇಳಬೇಕು ಅನ್ನುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

"ತಪ್ಪಾಯ್ತಮ್ಮ" ಅಂದೆ.

"ಈಗ ಹೇಳು" ಅಂದಳು.

ಚೀಲ ಕೆಳಗಿಟ್ಟೆ. ಒಲೆಯನ್ನು ತಿರುಗಿಸಿ ಬೆನ್ನಿನ ಪಟ್ಟಿ ತೋರಿಸಿದೆ. ಹಳೇ ವೈರಿನ ತುಂಡು, ಹೊಸ ವೈರಿನ ತುಂಡು ಎರಡನ್ನೂ ಅವಳ ಕೈಗೆ ಕೊಟ್ಟೆ. ಯಾವ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಂ.ಸಿ.ಬಿ. ಬಿದ್ದರೆ ಏನರ್ಥ, ಬಿದ್ದದ್ದನ್ನು ಮತ್ತೆ ಮತ್ತೆ ಎತ್ತುವವನನ್ನು ಹೇಗೆ ತಡೆಯಬೇಕು, ಎಲ್ಲ ಹೇಳಿದೆ. ನನ್ನ ಕೆಲಸದಲ್ಲಿ ಅಷ್ಟು ಗಮನ ಕೊಟ್ಟು ಕೇಳಿದವರನ್ನು ನಾನು ನೋಡಿಲ್ಲ.

"ಹಂಗಾರೆ ಈಗ ಮೂರೂ ಹಚ್ಚಬೋದಾ?"

"ಹಚ್ಚು."

ಮೂರು ತಟ್ಟೆಯ ಮೇಲೂ ನೀರಿಟ್ಟು, ಒಂದೊಂದಾಗಿ ಮೂರು ಗುಂಡಿಯನ್ನೂ ತಿರುಗಿಸಿದಳು. ಆಮೇಲೆ ಹೋಗಿ ಹೊಸ ಪೈಪು ಹಾದುಹೋಗುವ ಗೋಡೆಯ ಮೇಲೆ ಅಂಗೈ ಒತ್ತಿ ನಿಂತಳು. ಮೂರು ಪಾತ್ರೆಯ ನೀರೂ ಕುದಿ ಬರುವವರೆಗೆ ಹಾಗೇ ನಿಂತಿದ್ದಳು. ನಾನೂ ಅಲ್ಲಾಡಲಿಲ್ಲ.

"ತಣ್ಣಗೈತೆ" ಅಂದಳು. ಅಕ್ಕಿ ತೊಳೆಯಲು ಹೋದಳು.